ಹುಲಿಗೆಮ್ಮನ ಅವ್ವ

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದೆ. ನಾಲ್ಕು ವರ್ಷದಿಂದ ನನಗೆ ಅಲ್ಲಿಯ ಸರ್ಕಾರಿ ಶಾಲೆ. ಅದಕ್ಕೂ ಮುಂಚೆ ಬಹಳ ವರ್ಷ ಸಿರುಗುಪ್ಪದಲ್ಲಿ ಟೀಚರಾಗಿದ್ದೆ, ದಿನಾ ಬಳ್ಳಾರಿಯಿಂದ ಹೋಗಿ ಬರುತ್ತಿದ್ದೆ. ಆ ರೂಟಿನಲ್ಲಿ ಆಗ ಬಸ್ ಓಡಿಸುತ್ತಿದ್ದ ಡ್ರೈವರೊಬ್ಬರು ಚಹಾದ ಗ್ಲಾಸು ಕೈಯಲ್ಲಿ ಹಿಡಿದೇ ನನ್ನ ಹತ್ತಿರ ಬಂದರು.

"ಟೀಚರಮ್ಮಾ, ನಿಮಗ ಸುದ್ದಿ ಮುಟ್ಟಿಲ್ಲ ಕಾಣ್ತೈತಿ. ನಮ್ಮ ಕಂಡಕ್ಟರಮ್ಮ ಹೋಗಿಬಿಟ್ಲು."

"ಎಲ್ಲಿಗೆ?" ಅಂದೆ. ಹಾಗೆ ಕೇಳಿದ್ದು ನೆನೆದರೆ ಈಗಲೂ ಮೈಮೇಲೆ ಹಲ್ಲಿ ಬಿದ್ದಂತಾಗುತ್ತದೆ.

ಅವರು ಗ್ಲಾಸಿನೊಳಗೆ ನೋಡುತ್ತ ನಿಂತರು. "ಶುಕ್ರವಾರ ತೀರ್ಕೊಂಡ್ಲ್ರಿ. ಕಿಡ್ನಿ ಎರಡೂ ಹೋಗಿದ್ವಂತ. ಕಡೀ ತನಕಾ ಡ್ಯೂಟಿ ಮಾಡಿದ್ಲು."

ಕುರುಗೋಡಿನ ಬಸ್ಸು ಬಂತು, ಹೋಯಿತು. ಶಾಲೆಗೆ ಫೋನ್ ಮಾಡಿ ಆ ದಿನ ರಜೆ ಎಂದು ಹೇಳಿದೆ. ಆಮೇಲೆ ಸಿರುಗುಪ್ಪದ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತೆ. ಟಿಕೆಟ್ ಕೊಡಲು ಬಂದವನು ಯಾರೋ ಹೊಸ ಹುಡುಗ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರಯಾಣಿಕರಿಗೆ ಅವಳು ಕಂಡಕ್ಟರಮ್ಮ. ಸಿರುಗುಪ್ಪದ ನಮ್ಮ ಶಾಲೆಯವರಿಗೆ, ಬಿ.ಇ.ಓ. ಆಫೀಸಿನವರಿಗೆ 'ಆ ಅರ್ಜಿ ಹೆಂಗಸು'. ಯಾರಾದರೂ ನೀವು ಯಾರು ಎಂದು ಕೇಳಿದರೆ ತಾನಾಗಿ ಹೇಳುತ್ತಿದ್ದದ್ದು ಒಂದೇ ಮಾತು: "ನಾನು ಹುಲಿಗೆಮ್ಮನ ಅವ್ವ ರೀ."

ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಸೀರೆಯ ಮೇಲೆ ಕಾಕಿ ಕೋಟು. ಕೋಟಿಗೆ ಜೇಬಿದ್ದರೂ ಪೆನ್ನನ್ನು ತುರುಬಿಗೇ ಸಿಗಿಸುತ್ತಿದ್ದಳು. ದನಿ ಒಡೆದ ದನಿ, ಆದರೆ ಹಿಂದಿನ ಸೀಟಿನ ತನಕ ಮುಟ್ಟುತ್ತಿತ್ತು. ಆದೋನಿ ಕಡೆಯವರು ಹತ್ತಿದರೆ ತೆಲುಗಿನಲ್ಲಿ "ಜರಗಂಡಯ್ಯಾ" ಎಂದು ಒಳಗೆ ಸರಿಸುವಳು, ಬುರ್ಖಾ ಹಾಕಿದ ಮುದುಕಿಯರು ಬಂದರೆ ಉರ್ದುವಿನಲ್ಲಿ ಮಾತಾಡಿಸಿ ಕೈ ಹಿಡಿದು ಹತ್ತಿಸಿಕೊಳ್ಳುವಳು. ದೇಶನೂರಿನಿಂದ ಭತ್ತದ ಸಸಿ ನಾಟಿಗೆ ಹೋಗುವ ಹೆಂಗಸರು ಕೆಸರುಗಾಲಲ್ಲಿ ಹತ್ತಿದರೆ ಮಿಕ್ಕವರು ಮುಖ ಸಿಂಡರಿಸುತ್ತಿದ್ದರು. ಇವಳು ಅವರನ್ನೇ ಮುಂದೆ ಕರೆದು ಕೂಡಿಸುವಳು. "ಇವರ ಕಾಲಿನ ಕೆಸರು ನೋಡಿ ಮೂಗು ಮುಚ್ಕೊಂಡೋರು ಇವತ್ತ ಅನ್ನ ಉಣಬ್ಯಾಡ್ರಿ ಮತ್ತ," ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುವಳು. ಜನ ನಗುತ್ತಿದ್ದರು. ನಕ್ಕು ಸರಿದು ಜಾಗ ಮಾಡುತ್ತಿದ್ದರು.

ನನಗೆ ಅವಳ ಪರಿಚಯವಾದದ್ದು ಒಂದು ಸೀಟಿನ ಜಗಳದಿಂದ. ತೆಕ್ಕಲಕೋಟೆಯಲ್ಲಿ ಊರುಗೋಲು ಹಿಡಿದ ಒಬ್ಬ ಮನುಷ್ಯ ಹತ್ತಿದ. ಬಾಗಿಲ ಹತ್ತಿರದ ಸೀಟಿನ ಮೇಲೆ 'ವಿಕಲಚೇತನರಿಗೆ' ಎಂದು ಬಣ್ಣದಲ್ಲಿ ಬರೆದಿತ್ತು. ಅದರ ಕೆಳಗೆ ಬಿಳಿ ಅಂಗಿಯ ಯುವಕನೊಬ್ಬ ಫೋನು ನೋಡುತ್ತ ಕೂತಿದ್ದ.

"ತಮ್ಮಾ, ಓದಾಕ ಬರ್ತೈತೇನು?" ಅಂತ ಕೇಳಿದಳು.

"ಬರ್ತೈತಿ. ಯಾಕ?"

"ಹಂಗಾರ ತಲಿ ಎತ್ತಿ ಅದನ್ನ ಓದು. ಜೋರಾಗಿ."

ಅವನು ನಕ್ಕ, ಅತ್ತಿತ್ತ ನೋಡಿದ. ಇವಳು ನಗಲಿಲ್ಲ. ಸೀಟಿ ಊದಲಿಲ್ಲ. "ನೀನು ಓದೋತನಕ ಗಾಡಿ ಹೋಗಂಗಿಲ್ಲ," ಎಂದು ಕಂಬಕ್ಕೆ ಒರಗಿ ನಿಂತಳು. ಡ್ರೈವರೂ ಎಂಜಿನ್ ಆಫ್ ಮಾಡಿಬಿಟ್ಟ. ಇಡೀ ಬಸ್ಸು ಅವನ ಬಾಯನ್ನೇ ನೋಡುತ್ತಿತ್ತು. ಕೊನೆಗೆ ಅವನು ಒಂದನೇ ತರಗತಿಯ ಹುಡುಗನಂತೆ ಅಕ್ಷರ ಕೂಡಿಸಿ ಓದಿ, ಎದ್ದು ಹಿಂದೆ ಹೋದ.

ಆಮೇಲೆ ನನ್ನ ಹತ್ತಿರ ಬಂದು ಟಿಕೆಟ್ ಕೊಡುತ್ತ, "ಎಲ್ಲಾ ಕಡೆ ಬರ್ದಿರ್ತೈತ್ರಿ ಟೀಚರಮ್ಮಾ. ಓದಿ ಹೇಳೋರು ಬೇಕಷ್ಟ," ಅಂದಳು. ನಾನು ಟೀಚರೆಂದು ನನ್ನ ಬ್ಯಾಗಿನೊಳಗಿನ ನೋಟ್ಸು ಪುಸ್ತಕಗಳಿಂದಲೇ ಗುರುತು ಹಿಡಿದಿದ್ದಳು. ಯಾವ ಶಾಲೆ ಎಂದು ಕೇಳಿದಳು. ಹೇಳಿದೆ.

"ನನ್ನ ಮಗಳ ಹೆಸರು ನಿಮ್ಮ ಸಾಲ್ಯಾಗ ಐತ್ರಿ," ಅಂದಳು. "ಹೆಸರಷ್ಟ ಐತಿ. ಆಕಿ ಇಲ್ಲ."

ಹುಲಿಗೆಮ್ಮ ಹುಟ್ಟಿದಾಗ ಅಳಲಿಲ್ಲವಂತೆ. ಉಸಿರು ತಡವಾಗಿ ಬಂತು. ಮಿದುಳಿಗೆ ಪೆಟ್ಟು ಬಿದ್ದು ಕೈಕಾಲು ಬಿಗಿದುಕೊಂಡವು, ಕತ್ತು ನಿಲ್ಲುತ್ತಿರಲಿಲ್ಲ. ಮಾತು ಬರುತ್ತಿತ್ತು, ಆದರೆ ಒಂದೊಂದು ಮಾತನ್ನೂ ಆಳದ ಬಾವಿಯಿಂದ ಸೇದಿ ತೆಗೆದ ಹಾಗೆ. ಬುದ್ಧಿ ಮಾತ್ರ ಚುರುಕು. ಊರಿನ ಮಕ್ಕಳ ಹೆಸರೆಲ್ಲ ಶಾಲೆಗೆ ಸೇರಿಸುವ ಅಭಿಯಾನದಲ್ಲಿ ಅವಳ ಹೆಸರೂ ರಿಜಿಸ್ಟರಿಗೆ ಬಂದಿತ್ತು. ಅವಳು ಬಂದಿರಲಿಲ್ಲ. ಬರಲು ಯಾರೂ ಹೇಳಿರಲಿಲ್ಲ.

ಆಗ ನನಗೆ ಎರಡನೇ ತರಗತಿ ಇತ್ತು. "ಕರ್ಕೊಂಡು ಬರ್ರಿ, ನೋಡೋಣ," ಅಂದೆ. ಈ ಒಂದು ಮಾತನ್ನು ಆಡಿದ್ದೆನಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಮಾರನೇ ದಿನ ಗಂಡನೂ ಹೆಂಡತಿಯೂ ಮಗಳನ್ನು ಟಿ.ವಿ.ಎಸ್. ಗಾಡಿಯಲ್ಲಿ ನಡುವೆ ಕೂಡಿಸಿಕೊಂಡು ಬಂದರು. ಗಂಡ ಅಲ್ಲಿಯೇ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿನ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ಹಾಗಾಗಿ ಮಾತು ಕಡಿಮೆ, ಆಡಿದರೆ ಜೋರು. ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದು ನೆಲದ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದರು. ಅವಳು ಒಂದು ಪಕ್ಕಕ್ಕೆ ಜಾರಿದಳು. ಮತ್ತೆ ಕೂಡಿಸಿದರು. ಮತ್ತೆ ಜಾರಿದಳು. ಅವರು ಏನೂ ಹೇಳದೆ ಮಗಳ ಬೆನ್ನು, ತೊಡೆ, ಮೊಣಕಾಲನ್ನು ಗೇಣಿನಿಂದ ಅಳೆದುಕೊಂಡು ಹೋದರು.

ಎಂಟು ದಿನಕ್ಕೆ ಒಂದು ಕುರ್ಚಿ ಬಂತು. ಮಿಲ್ಲಿನ ಹಳೆಯ ಪೈಪುಗಳನ್ನು ಬೆಸುಗೆ ಹಾಕಿ ಮಾಡಿದ್ದು. ಬೆನ್ನಿಗೆ ಎತ್ತರದ ಒರಗು, ಕತ್ತಿಗೆ ಎರಡೂ ಕಡೆ ಮೆತ್ತೆ, ಸೊಂಟಕ್ಕೆ ಪಟ್ಟಿ, ಮುಂದೆ ಸ್ಲೇಟು ಇಡಲು ಹಲಗೆ. ಕೂಡುವ ಜಾಗಕ್ಕೆ ಅವ್ವನ ಹಳೆಯ ಕಾಕಿ ಕೋಟು ಹರಿದು ಹೊಲಿದಿದ್ದರು. ಹುಲಿಗೆಮ್ಮ ಅದರಲ್ಲಿ ಕೂತು ಮೊದಲ ಸಲ ಕರಿಹಲಗೆಯನ್ನು ನೇರವಾಗಿ ನೋಡಿದಳು. ನಕ್ಕಳು. ನಕ್ಕಾಗ ಅವಳ ಮೈಯೆಲ್ಲ ನಗುತ್ತಿತ್ತು, ಕೈಕಾಲು ತಮ್ಮಷ್ಟಕ್ಕೆ ಎದ್ದುಬಿಡುತ್ತಿದ್ದವು.

ಲೆಕ್ಕ ಕೇಳಿದರೆ ಉತ್ತರ ಬರುವುದು ತಡವಾಗುತ್ತಿತ್ತು. ಒಂದು ದಿನ ಹತ್ತರಲ್ಲಿ ಮೂರು ಕಳೆದರೆ ಎಷ್ಟು ಎಂದೆ. ಅವಳು ಬಾಯಿ ತೆರೆದಳು, ಕತ್ತು ಒಂದು ಕಡೆ ಎಳೆಯಿತು, ಜೊಲ್ಲು ಸುರಿಯಿತು, ಮಕ್ಕಳು ಕಿಸಕ್ಕೆಂದರು. ನಾನು ಕಾದೆ. ಕಡೆಗೆ "ಏಏಳು" ಎಂಬ ಶಬ್ದ ಬಂತು. ಅವಳ ಪಕ್ಕದಲ್ಲಿ ಕೂಡುತ್ತಿದ್ದ ಶಬಾನಾ ಎಂಬ ಹುಡುಗಿ ಎದ್ದು ನಿಂತು, "ಮಿಸ್, ಏಳು ಅಂದ್ಲು! ಏಳು ಅಂದ್ಲು!" ಎಂದು ಕೂಗಿದಳು. ಅವತ್ತಿನಿಂದ ಹುಲಿಗೆಮ್ಮನ ಮಾತನ್ನು ನಮಗೆ ತಿಳಿಸಿ ಹೇಳುವ ಕೆಲಸ ಶಬಾನಾಳದು. ನಾನು ಆ ಸಂಜೆ ಬಸ್ಸಿನಲ್ಲಿ ಅವಳವ್ವನಿಗೆ ಇದನ್ನು ಹೇಳಿದೆ.

"ಆಕಿ ಪ್ಯಾಸೆಂಜರ್ ಗಾಡಿ ಇದ್ದಂಗ್ರಿ ಟೀಚರಮ್ಮಾ," ಅಂದಳು. "ತಡಾ ಆಕ್ಕೈತಿ. ಆದ್ರ ಬರಾದು ಬರ್ತೈತಿ." ಹೇಳಿ ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಕೊನೆಯ ಸೀಟಿನ ಹತ್ತಿರ ನಿಂತು ಕಾಕಿ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹೀಗೆ ಏಳು ತಿಂಗಳು ನಡೆಯಿತು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಏಳು ತಿಂಗಳು ಮತ್ತೆ ಬರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಹುಲಿಗೆಮ್ಮ ಕುರ್ಚಿಯಲ್ಲಿಯೇ ಉಚ್ಚೆ ಹೊಯ್ದುಕೊಂಡಳು. ದಿನಾ ಊಟದ ಹೊತ್ತಿಗೆ ಅವಳಪ್ಪ ಮಿಲ್ಲಿನಿಂದ ಬಂದು ಶೌಚಕ್ಕೆ ಕರೆದೊಯ್ಯುತ್ತಿದ್ದರು. ಅವತ್ತು ಮಿಲ್ಲಿನಲ್ಲಿ ಯಾವುದೋ ಬೆಲ್ಟು ಹರಿದು ಅವರು ಬಂದಿರಲಿಲ್ಲ. ಅವಳು ನನಗೆ ಹೇಳಿದ್ದಳು. ಎರಡು ಸಲ ಹೇಳಿದ್ದಳು. ನಾನು ಬೇರೆ ಮಕ್ಕಳ ಪುಸ್ತಕ ತಿದ್ದುತ್ತಿದ್ದೆ, ಆಮೇಲೆ ಎಂದಿದ್ದೆ. ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕರು. ಕೆಲವರು ಹೊರಗೆ ಓಡಿದರು. ಶಬಾನಾ ಮಾತ್ರ ತನ್ನ ಸ್ಲೇಟು ಒರೆಸುವ ಬಟ್ಟೆ ತಂದು ಕುರ್ಚಿಯ ಕಾಲು ಒರೆಸತೊಡಗಿದಳು. ಏಳು ವರ್ಷದ ಹುಡುಗಿ. ನಾನು ನಿಂತು ನೋಡುತ್ತಿದ್ದೆ.

ನಮ್ಮ ಹೆಡ್‌ಮಾಸ್ಟರು ಕೆಟ್ಟ ಮನುಷ್ಯರಲ್ಲ. ರಿಟೈರಾಗಲು ಎರಡು ವರ್ಷವಿತ್ತು, ಅಷ್ಟರಲ್ಲಿ ಶಾಲೆಯಲ್ಲಿ ಏನೂ ಆಗಬಾರದು ಎನ್ನುವುದೊಂದೇ ಅವರ ಚಿಂತೆ. ಮರುದಿನ ನನ್ನನ್ನು ಕರೆದರು. "ಇಂಥಾ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಅಂತ ಐತಲ್ರಿ ಮೇಡಂ. ವಾರಕ್ಕೊಮ್ಮೆ ಟೀಚರ್ ಮನಿಗೇ ಹೋಗ್ತಾರ. ಹಾಜರಿ ನಾವು ಹಾಕೋಣ. ಹುಡುಗಿಗೂ ಆರಾಮ, ನಮಗೂ ಆರಾಮ. ನೀವು ಕ್ಲಾಸ್ ಟೀಚರ್, ನಿಮ್ಮದೊಂದು ಅಭಿಪ್ರಾಯ ಬೇಕು."

ಬರೆಯಬೇಕಾದ್ದನ್ನು ಅವರೇ ಹೇಳಿದರು: ಮಗು ತರಗತಿಗೆ ಹೊಂದಿಕೊಳ್ಳುತ್ತಿಲ್ಲ, ಇತರ ಮಕ್ಕಳ ಕಲಿಕೆಗೆ ತೊಂದರೆಯಾಗುತ್ತಿದೆ. ನಾನು ಬರೆದೆ. ಆಗ ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಬಳ್ಳಾರಿ ಬ್ರೂಸ್‌ಪೇಟೆಯ ನಮ್ಮ ಮನೆಗೆ ಹತ್ತಿರದ ಶಾಲೆಗೆ ವರ್ಗಾವಣೆ ಬೇಕಿತ್ತು, ಅದಕ್ಕೆ ಹೆಡ್‌ಮಾಸ್ಟರರ ಕಾಗದ ಬೇಕಿತ್ತು. ಇದು ಕಾರಣ, ನೆಪ ಅಲ್ಲ ಎಂದು ಆಗ ಅಂದುಕೊಂಡಿದ್ದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ದಿನಾ ಎತ್ತಿ ಕೂಡಿಸಿ ಒರೆಸುತ್ತಿದ್ದವಳು ನಾನು. ಆ ಮಗುವನ್ನು ಒಂದು ದಿನವೂ ಶೌಚಕ್ಕೆ ಎತ್ತಿಕೊಂಡು ಹೋಗಲಿಲ್ಲ. ವರ್ಗಾವಣೆ ಆ ವರ್ಷ ಆಗಲೂ ಇಲ್ಲ.

ಅವಳು ಡ್ಯೂಟಿ ಮುಗಿಸಿ ಕಾಕಿ ಕೋಟಿನಲ್ಲೇ ಶಾಲೆಗೆ ಬಂದಳು. ಗಂಡ ಜೊತೆಗಿದ್ದರು. ಹೆಡ್‌ಮಾಸ್ಟರು ಸಮಾಧಾನವಾಗಿ ಎಲ್ಲ ವಿವರಿಸಿದರು. "ಸಾಲಿನೇ ನಿಮ್ಮ ಮನಿಗೆ ಬರ್ತೈತಮ್ಮ. ಇನ್ನೇನು ಬೇಕು?"

"ಸಾಲಿ ಬರ್ತೈತಿ ಸರಿ," ಅಂದಳು. "ಮಕ್ಕಳು ಬರ್ತಾರೇನ್ರಿ?"

ಹೆಡ್‌ಮಾಸ್ಟರು ಮೇಜಿನ ಡ್ರಾಯರು ಎಳೆದರು. "ನಾನೊಬ್ನೇ ಹೇಳೋದಲ್ಲಮ್ಮ, ಕ್ಲಾಸ್ ಟೀಚರೇ ಬರ್ದುಕೊಟ್ಟಾರ," ಎಂದು ಕಾಗದ ತೋರಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಮೊದಲಿನಿಂದ ಕೊನೆಯ ತನಕ ಓದಿದಳು, ನನ್ನ ಸಹಿಯನ್ನೂ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು, "ಇದರ ಜೆರಾಕ್ಸ್ ಒಂದು ಕೊಡ್ರಿ ಸರ್," ಅಂದಳು.

ಗಂಡ ಅವತ್ತು ಆಡಿದ್ದು ಒಂದೇ ಮಾತು. ಶಾಲಾ ಸಮಿತಿಯ ಸದಸ್ಯರೊಬ್ಬರು ಅಲ್ಲಿ ಕೂತಿದ್ದರು. "ಹಿಂದಿನ ಜನ್ಮದ್ದು ಪಾ ಇವೆಲ್ಲಾ, ಅನುಭವಿಸಬೇಕು," ಎಂದು ಅವರ ಭುಜ ತಟ್ಟಿದರು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆವು. ಬಾಗಿಲ ತನಕ ಹೋದವರು ತಿರುಗಿ, "ಹಿಂದಿನ ಜನ್ಮದಾಗ ಆಕಿ ಏನರ ಮಾಡಿರ್ಲಿ. ಈ ಜನ್ಮದಾಗ ಎರಡನೇ ಕ್ಲಾಸಿನ್ಯಾಗ ಅದಾಳ," ಎಂದು ಇಡೀ ಶಾಲೆಗೆ ಕೇಳುವಂತೆ ಹೇಳಿ ಹೋದರು.

ಕುರ್ಚಿ ಶಾಲೆಯಲ್ಲೇ ಉಳಿಯಿತು. ತೆಗೆದುಕೊಂಡು ಹೋಗಿ ಎಂದರೆ, "ಆಕಿ ಬರ್ತಾಳ್ರಿ, ಇರ್ಲಿ," ಅನ್ನುತ್ತಿದ್ದರು. ಬೇಸಿಗೆ ರಜೆ ಮುಗಿಸಿ ಬಂದಾಗ ಅದು ಬಿಸಿಯೂಟದ ಕೋಣೆಗೆ ಹೋಗಿತ್ತು. ಅದರ ಮೇಲೆ ಅಕ್ಕಿ ಚೀಲ ಕೂತಿತ್ತು.

ಅಲ್ಲಿಂದ ಅವಳ ಅರ್ಜಿಗಳು ಶುರುವಾದವು. ಯಾವುದೋ ಆರೋಗ್ಯ ಶಿಬಿರದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕನ್ನಡ ಪುಸ್ತಕ ಸಿಕ್ಕಿತ್ತು. ಅದಕ್ಕೆ ರಟ್ಟು ಹಾಕಿ ಟಿಕೆಟ್ ಮಷೀನಿನ ಜೊತೆ ಚೀಲದಲ್ಲೇ ಇಟ್ಟುಕೊಂಡು, ಬಸ್ಸು ನಿಂತಲ್ಲೆಲ್ಲ ಓದುತ್ತಿದ್ದಳು. ತುರುಬಿನಿಂದ ಪೆನ್ನು ತೆಗೆದು ಗೆರೆ ಎಳೆಯುವಳು. ವಾರದ ರಜೆ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ಯಾವುದಾದರೊಂದು ಆಫೀಸಿನಲ್ಲಿ. ಅವಳು ಮಾತಾಡುವುದು, ಗಂಡ ಫೈಲು ಹಿಡಿದು ಕೂಡುವುದು. ಬಿ.ಇ.ಓ. ಆಫೀಸಿನ ಗುಮಾಸ್ತ ಒಮ್ಮೆ ಅರ್ಜಿ ಇಟ್ಟು ಹೋಗಿ ಎಂದನಂತೆ. "ಟಿಕೆಟ್ ಇಲ್ದ ನನ್ನ ಗಾಡ್ಯಾಗ ಯಾರೂ ಹೋಗಂಗಿಲ್ರಿ ಸಾಹೇಬ್ರ. ಸ್ವೀಕೃತಿ ಇಲ್ದ ನನ್ನ ಅರ್ಜಿನೂ ಹೋಗಂಗಿಲ್ಲ. ಸೀಲ್ ಹೊಡಿರಿ," ಎಂದು ಕೂತುಬಿಟ್ಟಳಂತೆ. ಆಫೀಸು ಬಾಗಿಲು ಹಾಕುವ ಹೊತ್ತಿಗೆ ಸೀಲು ಬಿತ್ತು.

ಬಳ್ಳಾರಿಯಲ್ಲಿ ವಿಶೇಷ ಶಾಲೆ ಇದೆ, ಹಾಸ್ಟೆಲ್ ಇದೆ, ಅಲ್ಲಿ ಬಿಡಿ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. "ಅಲ್ಲಿ ಚೊಲೋ ನೋಡ್ಕೋತಾರಂತ್ರಿ, ಇಲ್ಲನ್ನಲ್ಲ," ಅಂದಳು. "ಆದ್ರ ನಾಳಿ ನಾವಿಬ್ರೂ ಹೋದ್ಮ್ಯಾಲ ಆಕಿ ಈ ಊರಾಗ ಇರಬೇಕಾ ಬ್ಯಾಡಾ? ಊರಿನ ಮಕ್ಕಳು ಈಗ ಆಕಿನ್ನ ನೋಡ್ಲಿಲ್ಲಂದ್ರ ಆವಾಗ ಗುರುತು ಹೆಂಗ ಹಿಡೀತಾರ?"

ಇದನ್ನೆಲ್ಲ ಅವಳು ನನಗೇ ಹೇಳುತ್ತಿದ್ದಳು ಎನ್ನುವುದು ನಿಮಗೆ ವಿಚಿತ್ರವೆನಿಸಬಹುದು. ನನಗೂ ಹಾಗೇ ಅನಿಸುತ್ತಿತ್ತು. ಸಹಿ ಮಾಡಿದ ಮೇಲೆ ಒಂದು ತಿಂಗಳು ಅವಳ ಬಸ್ಸು ತಪ್ಪಿಸಿ ಅದಕ್ಕೂ ಮುಂಚಿನ ಬಸ್ಸಿಗೆ ಹೋಗುತ್ತಿದ್ದೆ. ಒಂದು ದಿನ ಆ ಬಸ್ಸು ಕೆಟ್ಟು, ಇವಳ ಬಸ್ಸೇ ಬಂತು. ನಾನು ತಲೆ ತಗ್ಗಿಸಿ ಹತ್ತಿದೆ. "ಒಳಗ ಬರ್ರಿ ಟೀಚರಮ್ಮಾ, ಜಾಗ ಐತಿ," ಅಂದಳು. ಎಲ್ಲರಿಗೂ ಹೇಳುವ ಹಾಗೆಯೇ. ಅವತ್ತಿನಿಂದ ಮತ್ತೆ ಅವಳ ಬಸ್ಸಿನಲ್ಲೇ ಹೋಗತೊಡಗಿದೆ. ಆ ಕಾಗದದ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಗೆ ಹೋಗಬೇಕಿದ್ದ ಟೀಚರು ಮೊದಲು ವಾರಕ್ಕೊಮ್ಮೆ ಹೋದರು, ಆಮೇಲೆ ತಿಂಗಳಿಗೊಮ್ಮೆ. ಅವರಿಗೂ ಇಡೀ ತಾಲ್ಲೂಕು ಸುತ್ತಬೇಕು, ಒಬ್ಬರೇ. ಹುಲಿಗೆಮ್ಮ ಮೊದಲ ವರ್ಷವಿಡೀ ಬೆಳಿಗ್ಗೆ ಯೂನಿಫಾರಂ ಹಾಕಿಸಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂಡುತ್ತಿದ್ದಳಂತೆ. ಶಬಾನಾ ಹೋಗುತ್ತ ಬರುತ್ತ ಮಾತಾಡಿಸುತ್ತಿದ್ದಳು. ಎರಡನೇ ವರ್ಷ ಹುಲಿಗೆಮ್ಮ ಯೂನಿಫಾರಂ ಬೇಡ ಎಂದಳು. ಬ್ಯಾಗು ಮಾತ್ರ ಇರಲಿ ಎಂದಳು. ಮೂರನೇ ವರ್ಷ ಬಾಗಿಲಿಗೆ ಬರುವುದನ್ನೂ ಬಿಟ್ಟಳು. ಇದನ್ನು ಹೇಳುವಾಗ ಅವಳ ಅವ್ವ ಟಿಕೆಟ್ ಮಷೀನಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದಳು.

ಅರ್ಜಿ ಬೆಂಗಳೂರಿನ ತನಕ ಹೋಗಿ, ವಿಚಾರಣೆಗೆಂದು ಅಧಿಕಾರಿಯೊಬ್ಬರು ಶಾಲೆಗೆ ಬಂದರು. ಎಲ್ಲರ ಎದುರಿಗೆ ನನ್ನನ್ನು ಕೇಳಿದರು. "ನೀವು ಏಳು ತಿಂಗಳು ಆ ಮಗುವಿಗೆ ಪಾಠ ಮಾಡಿದೀರಿ. ಹೇಳಿ, ಅದು ತರಗತಿಯಲ್ಲಿ ಕಲೀಬಲ್ಲದಾ?"

ಕಲಿಯಬಲ್ಲಳು ಎಂಬ ಒಂದು ಮಾತು ಬೇಕಿತ್ತು. ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು. ಆ ಮಾತು ಹೇಳಿದರೆ ನನ್ನ ಸಹಿ ಸುಳ್ಳಾಗುತ್ತಿತ್ತು.

"ಹೇಳೋದು ಕಷ್ಟ ಸರ್," ಅಂದೆ.

ಹುಲಿಗೆಮ್ಮನ ಅವ್ವ ನನ್ನತ್ತ ತಿರುಗಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗುತ್ತಿರಲಿಲ್ಲ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಪ್ರಯಾಣಿಕರನ್ನು ನೋಡುವಾಗ ಇರುತ್ತಿತ್ತಲ್ಲ, ಅಂಥ ಕನಿಕರ ಇತ್ತು.

ನನ್ನ ಮಾತು ಇಲ್ಲದೆಯೂ ಆದೇಶ ಅವರ ಪರವಾಗಿಯೇ ಬಂತು. ಮಗುವನ್ನು ತರಗತಿಗೆ ಸೇರಿಸಿಕೊಳ್ಳಬೇಕು, ಇಳಿಜಾರು ಕಟ್ಟಿಸಬೇಕು, ಶೌಚಾಲಯಕ್ಕೆ ಹಿಡಿಕೆ ಹಾಕಿಸಬೇಕು, ಸಹಾಯಕಿಯನ್ನು ಕೊಡಬೇಕು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಹಳೆಯ ಹೆಡ್‌ಮಾಸ್ಟರು ರಿಟೈರಾಗಿ, ಹೊಸಬರು ಬಂದಿದ್ದರು. ಒಳ್ಳೆಯವರು. ಇಳಿಜಾರಿಗೆ ಸುಣ್ಣ ಹೊಡೆಸಿ, ಬಿಸಿಯೂಟದ ಕೋಣೆಯಿಂದ ಕುರ್ಚಿ ತರಿಸಿ ತೊಳೆಸಿ ಇಟ್ಟರು. ಆ ದಿನ ಹುಲಿಗೆಮ್ಮನ ಅವ್ವ ರಜೆ ಹಾಕಿ, ಹೊಸ ಸೀರೆಯುಟ್ಟು, ಸ್ಟ್ಯಾಂಡಿನಲ್ಲಿ ಪೇಡೆ ಹಂಚಿ ಬಂದಿದ್ದಳು. ಗಂಡ ಮಗಳನ್ನು ಗಾಡಿಯಿಂದ ಇಳಿಸಿ ಎತ್ತಿಕೊಂಡರು. ಹನ್ನೊಂದು ವರ್ಷದ ಹುಡುಗಿ, ಕಾಲು ಅವರ ಮೊಣಕಾಲಿನ ಕೆಳಗೆ ಇಳಿಬಿದ್ದಿತ್ತು. ಹೊಸ ಹೆಡ್‌ಮಾಸ್ಟರು ಗುಲಾಬಿ ಹಿಡಿದು ಗೇಟಿಗೆ ಬಂದರು.

ಹುಲಿಗೆಮ್ಮ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು. ಬಹಳ ಹೊತ್ತು ಹಿಡಿಯಿತು.

"ಶಬಾನಾ?"

ಶಬಾನಾಳ ಅಪ್ಪ ಆ ವರ್ಷವೇ ಬಳ್ಳಾರಿಗೆ ಹೋಗಿ ನೆಲೆಸಿದ್ದರು. ಟಿ.ಸಿ. ಬರೆದುಕೊಟ್ಟವಳು ನಾನೇ. ಅದನ್ನು ಹೇಳಿದೆ.

ಹುಲಿಗೆಮ್ಮ ಕುರ್ಚಿಯನ್ನು ನೋಡಿದಳು. ಅದು ಏಳು ವರ್ಷದವಳ ಅಳತೆಗೆ ಮಾಡಿದ್ದು. ಅಪ್ಪನ ಕತ್ತಿಗೆ ಮುಖ ಒತ್ತಿಕೊಂಡು, "ಒಲ್ಲೆ," ಅಂದಳು.

ಎಲ್ಲರೂ ಪುಸಲಾಯಿಸಿದರು. ಹೊಸ ಕುರ್ಚಿ ಮಾಡಿಸೋಣ, ಹೊಸ ಗೆಳತಿಯರು ಸಿಗುತ್ತಾರೆ, ದಿನಾ ತತ್ತಿ ಬಾಳೆಹಣ್ಣು ಕೊಡುತ್ತೇವೆ ಎಂದೆಲ್ಲ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. "ಒಲ್ಲೆವ್ವಾ. ನಾ ಕಾದಿದ್ದೆ. ಈಗ ಒಲ್ಲೆ," ಎಂದು ಅಷ್ಟೂ ಮಾತನ್ನು ಕಷ್ಟಪಟ್ಟು ಹೊರಗೆ ತಂದಳು.

ಅವ್ವ ಗದರಿಸಬಹುದಿತ್ತು. ಮೂರು ವರ್ಷ ಎಷ್ಟು ಬಾಗಿಲು ತಟ್ಟಿದ್ದಳು. ಆದರೆ ಸೀರೆಯ ಸೆರಗಿನಿಂದ ಮಗಳ ಬಾಯಿ ಒರೆಸಿ, "ಆತು, ನಡಿ," ಅಂದಳು. ಗಾಡಿ ಹತ್ತುವ ಮುಂಚೆ ನನ್ನ ಹತ್ತಿರ ಬಂದಳು.

"ಆರ್ಡರ್ ನನಗ ಬಂತ್ರಿ ಟೀಚರಮ್ಮಾ," ಅಂದಳು. "ಆಕಿಗೆ ಬರ್ಲಿಲ್ಲ."

ಹುಲಿಗೆಮ್ಮ ಮತ್ತೆ ಶಾಲೆಗೆ ಬರಲಿಲ್ಲ. ಅವ್ವ ಮಾತ್ರ ಅರ್ಜಿ ಬಿಡಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆಂದು ಮಕ್ಕಳನ್ನು ಎತ್ತಿಕೊಂಡು ಬಸ್ಸು ಹತ್ತುವ ತಾಯಂದಿರ ಪಕ್ಕದಲ್ಲಿ ಕೂತು ವಿಚಾರಿಸುತ್ತಿದ್ದಳು. ಯಾವ ಶಾಲೆ, ಏನಂದರು, ಬರೆದು ಕೊಟ್ಟರಾ, ಬಾಯಲ್ಲಿ ಹೇಳಿದರಾ. ದೇಶನೂರಿನ ಕಿವಿ ಕೇಳದ ಹುಡುಗಿಯೊಬ್ಬಳನ್ನು ಶಾಲೆ ಬಿಡಿಸುವುದರಲ್ಲಿದ್ದರು. ಇವಳು ಬಸ್ಸಿನಲ್ಲೇ ಅರ್ಜಿ ಬರೆದುಕೊಟ್ಟಳು. ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ ಎಂದು ಕೇಳಿದ್ದೇನೆ. ಅವಳಪ್ಪ ಅಕ್ಕಿ ಚೀಲ ತಂದುಕೊಟ್ಟರೆ ಇವಳು ಮುಟ್ಟಲಿಲ್ಲವಂತೆ. "ಲಗೂನ ಸಾಲಿಗೆ ಕಳಸ್ರಿ, ತಡಾ ಮಾಡಬ್ಯಾಡ್ರಿ," ಎಂದಷ್ಟೇ ಹೇಳಿದಳಂತೆ. ತಡ ಎಂಬ ಮಾತನ್ನು ಅವಳು ಮೊದಲು ನಗುತ್ತ ಆಡುತ್ತಿದ್ದಳು. ಆಮೇಲೆ ಆಡುವಾಗ ನಗುತ್ತಿರಲಿಲ್ಲ.

ಕೊನೆಯ ಸಲ ಅವಳು ಸಿಕ್ಕಿದ್ದು ಹೋದ ವರ್ಷ, ಬಳ್ಳಾರಿ ಸ್ಟ್ಯಾಂಡಿನಲ್ಲಿ. ಕಾಲು ಊದಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆರೋಗ್ಯ ಕೇಳಿದರೆ ಕೈ ಬೀಸಿದಳು.

"ಕುರುಗೋಡಿನ ನಿಮ್ಮ ಸಾಲ್ಯಾಗ ಮೆಟ್ಟಲ ಎಷ್ಟದಾವ್ರಿ?"

ಮೂರು ವರ್ಷದಿಂದ ದಿನಾ ಹತ್ತಿ ಇಳಿಯುತ್ತಿದ್ದೆ. ಒಂದು ದಿನವೂ ಎಣಿಸಿರಲಿಲ್ಲ.

"ಎಣಿಸ್ರಿ," ಎಂದು ಸೀಟಿ ಊದಿ ಬಸ್ಸು ಹತ್ತಿದಳು.

ಆ ಸೋಮವಾರ ಸಿರುಗುಪ್ಪದಲ್ಲಿ ಇಳಿದು ಅವಳ ಮನೆ ಹುಡುಕುತ್ತ ಹೋದೆ. ಅಷ್ಟು ವರ್ಷ ಅದೇ ಊರಿನಲ್ಲಿ ಕೆಲಸ ಮಾಡಿದ್ದೆ, ಒಂದು ದಿನವೂ ಅವರ ಮನೆಗೆ ಹೋಗಿರಲಿಲ್ಲ. ಮಿಲ್ಲಿನ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ಗಂಡ ಹೊಸ್ತಿಲ ಮೇಲೆ ಕೂತಿದ್ದರು, ಗುರುತು ಹಿಡಿದು ಎದ್ದರು. ಒಳಗೆ ಅಪ್ಪ ಮಾಡಿಕೊಟ್ಟ ಇನ್ನೊಂದು ದೊಡ್ಡ ಕುರ್ಚಿಯಲ್ಲಿ ಹುಲಿಗೆಮ್ಮ ಕೂತಿದ್ದಳು. ಹದಿನೆಂಟು ವರ್ಷದ ಹೆಣ್ಣು. ಮುಂದಿನ ಹಲಗೆಯ ಮೇಲೆ 'ಅರ್ಜಿಗಳು' ಎಂದು ಬರೆದ ದಪ್ಪ ಫೈಲು ತೆರೆದಿತ್ತು. ಎಡಗೈಯ ಒಂದು ಬೆರಳನ್ನು ಸಾಲಿನ ಕೆಳಗೆ ಒತ್ತಿ ಹಿಡಿದು ಓದುತ್ತಿದ್ದಳು.

ಓದಲು ಯಾರು ಕಲಿಸಿದರು ಎಂದು ಕೇಳಿದೆ. ಅವಳು ಫೈಲಿನತ್ತ ಕಣ್ಣು ತೋರಿಸಿದಳು. ಅವ್ವ ದಿನಾ ಸಂಜೆ ಬರೆದ ಅರ್ಜಿಯನ್ನು ಮಗಳಿಗೆ ಓದಿ ಹೇಳುತ್ತಿದ್ದಳಂತೆ, ಬೆರಳಿಟ್ಟು. ಬಂದ ಉತ್ತರಗಳನ್ನೂ. ಅವಳಿಗಿದ್ದ ಪಠ್ಯಪುಸ್ತಕ ಅದೊಂದೇ.

ಅಂದರೆ ನಾನು ಬರೆದ ಕಾಗದವೂ ಅದರಲ್ಲಿತ್ತು.

ನಾನು ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತೆ. "ಹುಲಿಗೆಮ್ಮಾ, ನಾನು ಅವತ್ತ ಒಂದು ಕಾಗದ ಬರ್ದಿದ್ದೆ," ಎಂದೆ.

ಅವಳ ಕತ್ತು ಎಳೆಯಿತು, ತುಟಿ ಒದ್ದಾಡಿತು. ಕಾದೆ.

"ಓದೀನಿ," ಅಂದಳು. ಮತ್ತೆ ಬಹಳ ಹೊತ್ತಾದ ಮೇಲೆ, "ಟೀಚರ್ ಅಂಜಿ ಬರ್ದಾರ... ಮನಸಿಗೆ ಹಚ್ಕೊಬ್ಯಾಡ... ಅಂದಿದ್ಲು ಅವ್ವ."

ಇಷ್ಟಕ್ಕೇ ಮುಗಿಯಿತು ಎಂದುಕೊಂಡು ನಾನು ಅಳತೊಡಗಿದೆ. ಅವಳು ಮುಗಿಸಿರಲಿಲ್ಲ.

"ನಾ ಹಚ್ಕೊಂಡೆ," ಅಂದಳು.

ಆಮೇಲೆ ಮುಖ ಆಚೆ ತಿರುಗಿಸಿದಳು. ನಾನು ಹೊರಡಬೇಕೆಂದು ಅದರ ಅರ್ಥ.

ಅವಳಪ್ಪ ಬೇಡವೆಂದರೂ ಸ್ಟ್ಯಾಂಡಿನ ತನಕ ಬಂದರು. ಬಳ್ಳಾರಿಗೆ ಹೋಗುವವರು ಗುಂಪಾಗಿ ನಿಂತಿದ್ದರು. ಅವರು ನನ್ನ ಪಕ್ಕ ನಿಂತು, ತಮ್ಮ ಜೋರು ದನಿಯಲ್ಲಿ, "ಶುಕ್ರವಾರದಿಂದ ಆಕಿ ಬಾಯಿ ಬಿಟ್ಟಿದ್ದಿಲ್ರಿ ಟೀಚರಮ್ಮಾ," ಅಂದರು. "ನನ್ನ ಜೋಡಿನೂ ಒಂದ್ ಮಾತಾಡಿಲ್ಲ. ಇವತ್ತ ನಿಮ್ಮ ಜೋಡಿ ಮಾತಾಡಿದ್ಲು. ನೋಡ್ದೆ, ಕೇಳಿಸ್ಲಿಲ್ಲ. ಏನಂದ್ಲ್ರಿ?"

ಅವರ ಕಣ್ಣಲ್ಲಿ ಏನೋ ಆಸೆ ಇತ್ತು. ಅವ್ವನನ್ನು ನೆನೆಸಿದಳು ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

ಅವರ ಕಿವಿಯ ಹತ್ತಿರ ಹೋಗಿ, "ನಾನು ಬರ್ದಿದ್ದನ್ನ ಮನಸಿಗೆ ಹಚ್ಕೊಂಡಾಳಂತ್ರಿ," ಅಂದೆ.

ಅವರು ಕಿವಿಗೆ ಕೈ ಅಡ್ಡ ಹಿಡಿದು ಬಾಗಿದರು. "ಏನ್ರಿ?"

ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದೆ. ಯಾರು ಬರೆದದ್ದು, ಏನು ಬರೆದದ್ದು, ಎಲ್ಲವನ್ನೂ ಹೇಳಿದೆ.